ಮೋಸಹೋಗದೆ ಪಾಪ ಮಾಡಲು ಸಾಧ್ಯವೇ?

ಪ್ರಶ್ನೆ: ಯಾವುದಾದರೂ ಸುಳ್ಳಿಗೆ ಮೊದಲು ಬಲಿಯಾಗದೆ ಯಾರೂ ಪಾಪಕ್ಕೆ ಇಳಿಯುವುದಿಲ್ಲ, ಸತ್ಯವನ್ನು ಪೂರ್ತಿ ಕಂಡವನು ಪಾಪ ಮಾಡಲಾರ ಎಂದು ನಮ್ಮ ಬೈಬಲ್ ಅಧ್ಯಯನದಲ್ಲಿ ಗೆಳೆಯರೊಬ್ಬರು ವಾದಿಸಿದರು. ಏದೆನ್ ತೋಟದಲ್ಲಿ ಆದದ್ದೂ ಅದೇ ಎಂದರು. ನನ್ನ ಮನಸ್ಸು ಒಪ್ಪಲಿಲ್ಲ, ಆದರೆ ಉತ್ತರವೂ ಹೊಳೆಯಲಿಲ್ಲ. ನೀವೇನು ಹೇಳುತ್ತೀರಿ?

ಉತ್ತರ: ಅವರು ಏದೆನ್ ತೋಟವನ್ನೇ ಸಾಕ್ಷಿಗೆ ಕರೆದದ್ದು ಒಳ್ಳೆಯದಾಯಿತು. ಅವರ ವಾದ ಮುಗ್ಗರಿಸುವುದೇ ಅಲ್ಲಿ. ಆದಿಕಾಂಡದ 3ನೇ ಅಧ್ಯಾಯದಲ್ಲಿ ಸರ್ಪವು ತನ್ನನ್ನು ವಂಚಿಸಿತು ಎಂದು ಹೇಳುವವಳು ಹವ್ವ. ಆದಾಮ ಹಾಗೆನ್ನುವುದಿಲ್ಲ, ನೀನು ಜೊತೆಗಿಟ್ಟ ಸ್ತ್ರೀ ಕೊಟ್ಟಳು, ತಿಂದೆ ಎನ್ನುತ್ತಾನೆ. ಅದರಲ್ಲಿ ದೂರಿದೆ, ಮೋಸಹೋದೆ ಎಂಬ ಮಾತಿಲ್ಲ. 1 ತಿಮೊಥೆಯ 2:14ರಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದೆ: ವಂಚನೆಗೆ ಒಳಗಾದವನು ಆದಾಮನಲ್ಲ. (ಈ ವಚನವನ್ನು ಹೆಂಗಸರ ತಲೆಗೆ ತಪ್ಪು ಕಟ್ಟಲು ಬಳಸುವವರು ಅದರ ಮೊದಲರ್ಧವನ್ನು ನಿಧಾನವಾಗಿ ಓದಿದಂತೆ ಕಾಣುವುದಿಲ್ಲ. ಕಣ್ಣು ಬಿಟ್ಟುಕೊಂಡೇ ತಿಂದವನು ಮೋಸಹೋದವಳಿಗಿಂತ ಹೇಗೆ ವಾಸಿ?) ಹಾಗಾದರೆ ಅವನು ತಿಂದದ್ದೇಕೆ? ಹೆಂಡತಿಯ ಮಾತು ನಿಜವೆಂದು ನಂಬಿ ಅಲ್ಲ, ತನಗಿದ್ದ ಒಬ್ಬಳೇ ಸಂಗಾತಿಯನ್ನು ಅಗಲಲಾರದೆ ಎಂದು ಸಂತ ಆಗಸ್ಟೀನ್ ಊಹಿಸಿದ. ಅದು ಊಹೆಯೇ, ಆದರೆ ಮನುಷ್ಯರನ್ನು ಬಲ್ಲವನ ಊಹೆ.

ನಿಮ್ಮ ಗೆಳೆಯರ ವಾದಕ್ಕೆ ದೊಡ್ಡ ವಂಶಾವಳಿಯೇ ಇದೆ. ತಿಳಿದೂ ತಿಳಿದೂ ಯಾರೂ ಕೆಟ್ಟದ್ದನ್ನು ಮಾಡರು ಎಂದು ಪ್ಲೇಟೋ ಬರೆದ ಸಂವಾದದಲ್ಲಿ ಸಾಕ್ರಟೀಸ್ ವಾದಿಸುತ್ತಾನೆ. ಕಣ್ಣೆದುರು ಕಾಣುವುದಕ್ಕೂ ಈ ಮಾತಿಗೂ ಹೊಂದುವುದಿಲ್ಲ ಎಂದು ಅರಿಸ್ಟಾಟಲ್ ಆಕ್ಷೇಪಿಸಿದ.

ಇನ್ನು ಅರಸ ದಾವೀದನನ್ನು ನೋಡಿ. 2 ಸಮುವೇಲ 11ರಲ್ಲಿ ಅವನು ಬತ್ಷೆಬೆಯನ್ನು ಕಂಡು, ಯಾರು ಎಂದು ವಿಚಾರಿಸುತ್ತಾನೆ. ಅವನದೇ ಸೈನಿಕ ಊರೀಯನ ಹೆಂಡತಿ ಎಂಬ ಉತ್ತರ ಬರುತ್ತದೆ. ತಪ್ಪು ಮಾಹಿತಿ ಇಲ್ಲ, ಕಿವಿಯೂದಿದವರಿಲ್ಲ, ಸರ್ಪವಿಲ್ಲ. ಆದರೂ ಅವಳನ್ನು ಕರೆಸಿಕೊಳ್ಳುತ್ತಾನೆ. ಅವಳು ಗರ್ಭಿಣಿಯಾದ ಮೇಲೆ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸುವಂತೆ ಸೇನಾಪತಿ ಯೋವಾಬನಿಗೆ ಬರೆದ ಪತ್ರವನ್ನು ಊರೀಯನ ಕೈಯಲ್ಲೇ ಕಳಿಸುತ್ತಾನೆ. ಮೋಸ ಇಲ್ಲಿ ಬೇಕಾದಷ್ಟಿದೆ. ಅದನ್ನು ಮಾಡುತ್ತಿರುವವನು ದಾವೀದ. ಅವನು ತಾನೇ ಮೋಸಹೋಗುವುದು ಇದೆಲ್ಲ ಮುಗಿದ ನಂತರ. ಕತ್ತಿ ಒಬ್ಬನನ್ನು ತಿಂದಂತೆ ಇನ್ನೊಬ್ಬನನ್ನೂ ತಿನ್ನುತ್ತದೆ ಎಂದು ಯೋವಾಬನಿಗೆ ಸಮಾಧಾನ ಹೇಳಿ ಕಳಿಸುತ್ತಾನೆ, ಕೊಲೆ ಯುದ್ಧದ ಒಂದು ಆಕಸ್ಮಿಕ ಎಂಬಂತೆ. ಆಮೇಲೆ ಪ್ರವಾದಿ ನಾತಾನ, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳಿದಾಗ ಸಿಟ್ಟಿನಿಂದ ಕುದಿಯುತ್ತಾನೆ. ಕಥೆಯಲ್ಲಿರುವವನು ತಾನೇ ಎಂದು ಅವನಿಗೆ ತೋಚುವುದಿಲ್ಲ. ಪಾಪಕ್ಕೆ ಮುಂಚೆ ತಿಳಿದಿದ್ದವನಿಗೆ ಪಾಪದ ನಂತರ ತಿಳಿಯದಾಗಿದೆ.

ಇಬ್ರಿಯ 3:13ರಲ್ಲಿ ಪಾಪದ ಮೋಸದ ಮಾತು ಬರುವುದನ್ನು ನಿಮ್ಮ ಗೆಳೆಯರು ಎತ್ತಬಹುದು. ಎತ್ತಲಿ. ಅಲ್ಲಿ ಮೋಸ ಮಾಡುವುದು ಪಾಪವೇ, ಪಾಪಕ್ಕೆ ಮುಂಚೆ ಬಂದ ಇನ್ನೇನೋ ಅಲ್ಲ. ಯಾಕೋಬ 1:14 ಆರಂಭವನ್ನು ಅವರವರ ಆಸೆಯಲ್ಲಿ ಕಾಣುತ್ತದೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ಗಾಳಕ್ಕೆ ಎರೆ ಕಟ್ಟಿ ಹಿಡಿಯುವುದಕ್ಕೆ ಸಂಬಂಧಿಸಿದ್ದು. ಮೀನಿಗೆ ಕೊಕ್ಕೆ ಕಾಣದು, ನಿಜ. ನಾವಾದರೋ ಕೊಕ್ಕೆ ಕಂಡೂ ಎಷ್ಟೋ ಸಲ ಬಾಯಿ ಹಾಕುತ್ತೇವೆ. ಮನಸ್ಸಿಲ್ಲದಿದ್ದರೂ ಮನುಷ್ಯ ಪಾಪ ಮಾಡುವುದು ಯಾವುದರಿಂದ ಎಂದು ಗೀತೆಯ 3ನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದೂ ಹೆಚ್ಚುಕಡಿಮೆ ನಿಮ್ಮ ಪ್ರಶ್ನೆಯನ್ನೇ. ಕೃಷ್ಣ ಮೊದಲು ಹೆಸರಿಸುವುದು ಕಾಮ, ಕ್ರೋಧಗಳನ್ನು. ಆ ಕಾಮ ಜ್ಞಾನವನ್ನು ಮುಚ್ಚಿ ಮರುಳುಮಾಡುತ್ತದೆ ಎಂಬುದು ಅದರ ನಂತರದ ಮಾತು.

ಎಲ್ಲ ಪಾಪವೂ ಮೋಸದ ಫಲವಾಗಿದ್ದರೆ, ಬೈಬಲಿನ ಅರಣ್ಯಕಾಂಡದ 15ನೇ ಅಧ್ಯಾಯ ತಿಳಿಯದೆ ಮಾಡಿದ ಪಾಪವನ್ನೂ ಕೈಯೆತ್ತಿ, ಅಂದರೆ ಬೇಕೆಂದೇ, ಮಾಡಿದ ಪಾಪವನ್ನೂ ಬೇರೆ ಮಾಡುವ ಅಗತ್ಯವೇ ಇರಲಿಲ್ಲ. ಯಜಮಾನನ ಇಷ್ಟ ತಿಳಿದೂ ನಡೆಯದ ಆಳಿಗೆ ಲೂಕ 12:47ರಲ್ಲಿ ಹೆಚ್ಚು ಪೆಟ್ಟು ಬೀಳುವುದೂ ಅನ್ಯಾಯವಾಗುತ್ತಿತ್ತು.

ಅಲ್ಪ ಸುಖವನ್ನು ದೊಡ್ಡ ಒಳಿತಿಗಿಂತ ಮೇಲೆಂದು ಎಣಿಸುವುದೇ ಒಂದು ಮೋಸವಲ್ಲವೇ ಎಂದು ಅವರು ಕೇಳಿದರೆ, ಆ ಪದವನ್ನು ಬಿಟ್ಟುಕೊಡಿ, ಜಗಳ ಬೇಡ. ‘ಮೊದಲು’ ಎಂಬುದನ್ನು ಮಾತ್ರ ಬಿಡಬೇಡಿ. 2 ಸಮುವೇಲ 11 ತೆರೆದು ಅವರ ಮುಂದಿಡಿ. ಬತ್ಷೆಬೆಯನ್ನು ಕರೆಸುವ ಮುಂಚೆ ದಾವೀದನನ್ನು ಯಾರು ವಂಚಿಸಿದರೆಂದು ಬೆರಳಿಟ್ಟು ತೋರಿಸಲಿ.