ಐಸ್‌ಲ್ಯಾಂಡ್ ಹುಡುಗರು ಕೆನಡಾ ಜೊತೆ ಯಾಕೆ ಆಡುವುದಿಲ್ಲ?

20 ವರ್ಷದೊಳಗಿನವರ ಐಸ್ ಹಾಕಿಯಲ್ಲಿ ಐಸ್‌ಲ್ಯಾಂಡ್‌ಗೆ ಕೆನಡಾ ಯಾಕೆ ಎದುರಾಗುವುದಿಲ್ಲ ಅಂತ ಕೇಳಿದ್ದೀರಿ, ಅಲ್ವಾ ಸರ್? ಆ ವಯಸ್ಸಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೆನಡಾ ಆಡುವ ಮೇಲಿನ ದರ್ಜೆಯಲ್ಲಿ 10 ತಂಡಗಳಿಗೆ ಮಾತ್ರ ಜಾಗ. ಐಸ್‌ಲ್ಯಾಂಡ್ ಸೇರಿ ಉಳಿದವರೆಲ್ಲ ಕೆಳಗಿನ ಡಿವಿಷನ್‌ಗಳಲ್ಲಿ ಆಡುತ್ತಾರೆ, ಸಾಮಾನ್ಯವಾಗಿ ಗುಂಪಿನಲ್ಲಿ ಮೊದಲು ಬಂದವರು ಮುಂದಿನ ವರ್ಷ ಒಂದು ಮೆಟ್ಟಿಲು ಹತ್ತುತ್ತಾರೆ, ಕೊನೆಯವರು ಇಳಿಯುತ್ತಾರೆ. 60 ನಿಮಿಷದೊಳಗೆ ಗೆದ್ದರೆ 3 ಅಂಕ, ಹೆಚ್ಚುವರಿ ಸಮಯದಲ್ಲಿ ಸೋತರೂ 1 ಅಂಕ ಸಿಗುತ್ತದೆ. ಎಷ್ಟೋ ಸಲ ಆ ಒಂದು ಅಂಕವೇ ತಂಡವನ್ನು ಉಳಿಸುತ್ತದೆ. ಇಡೀ ಐಸ್‌ಲ್ಯಾಂಡ್‌ನಲ್ಲಿ 4 ಲಕ್ಷ ಜನರೂ ಇಲ್ಲ, ನಮ್ಮ ತುಮಕೂರು ನಗರದಲ್ಲೇ 2011ರ ಜನಗಣತಿಯಲ್ಲಿ 3 ಲಕ್ಷ ದಾಟಿತ್ತು! ಮಣ್ಣಿನ ಮೈದಾನದಲ್ಲಿ ಹಾಕಿ ಆಡಿ ಮೊಣಕಾಲು ತರಚಿಕೊಂಡು ಬೆಳೆದವನು ನಾನು. ಐಸ್‌ಲ್ಯಾಂಡ್‌ನ ಅಷ್ಟು ಕಡಿಮೆ ಹುಡುಗರಲ್ಲಿ ಒಬ್ಬ ಒಳ್ಳೆಯ ಗೋಲ್‌ಕೀಪರ್‌ನನ್ನು ಹುಡುಕುವುದು ಸುಮ್ನೆ ಮಾತಲ್ಲ. ಅಂಕಪಟ್ಟಿಗಿಂತ ಜಾಸ್ತಿ ಅವರ ಆಟ ನೋಡಿ.