ಕ್ಯಾನ್ಸರ್ ಹೊಟ್ಟೇಲಿ, ಕಿವೀಲಲ್ಲ

ವಯಸ್ಸಾದ ಕ್ಯಾನ್ಸರ್ ರೋಗಿನ ಒಂದು ಮಾತೂ ಕೇಳದೆ ಮನೆಯವರೇ ತೀರ್ಮಾನ ಮಾಡೋ ಕೇಸ್ ನನ್ನ ಹತ್ರ ಪದೇಪದೇ ಬರ್ತಾನೇ ಇದೆ, ಅದಕ್ಕೇ ಬರೀತಿದೀನಿ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ.

76 ವರ್ಷದವರು, ದೊಡ್ಡ ಕರುಳಿನ ಕ್ಯಾನ್ಸರ್. ಮಗ ಕರ್ಕೊಂಡು ಬಂದಿದ್ರು. "ಈ ವಯಸ್ಸಲ್ಲಿ ಆಪರೇಷನ್ನು ಕೀಮೋ ಅಂತ ಯಾಕೆ ಹಿಂಸೆ ಮೇಡಂ, ನೀವೇ ಸ್ವಲ್ಪ ಹೇಳಿ." ನಾನೂ ಮಗನ್ನೇ ಕೇಳ್ತಾ ಹೋದೆ, ಊಟ ಸೇರುತ್ತಾ, ನಿದ್ದೆ ಬರುತ್ತಾ, ಕಾಯಿಲೆ ಏನು ಅಂತ ಅವರಿಗೆ ಗೊತ್ತಾ ಅಂತ ಹದಿನೈದು ನಿಮಿಷ. ಅಲ್ಲೇ ಕೂತಿದ್ದ ಆ ಹಿರಿಯರು ಮೆಲ್ಲಗೆ, "ಕ್ಯಾನ್ಸರ್ ಇರೋದು ಹೊಟ್ಟೇಲಮ್ಮ, ಕಿವೀಲಲ್ಲ" ಅಂದ್ರು.

ನಂಗೆ ಮುಖ ಎಲ್ಲಿಟ್ಕೊಳ್ಳೋದು ಗೊತ್ತಾಗ್ಲಿಲ್ಲ. ಇಷ್ಟು ವರ್ಷ ರೋಗಿಗಳ ಜೊತೆ, ಮನೆಯವರ ಜೊತೆ ಮಾತಾಡೋ ಈ ಕೆಲಸ ಮಾಡ್ಕೊಂಡು ನಾನೂ ಅದೇ ತಪ್ಪು ಮಾಡ್ದೆ.

ಮಗನ್ನ ಹೊರಗೆ ಕೂರಿಸಿ ಮಾತಾಡಿದ್ವಿ. ಸಾವಿನ ಬಗ್ಗೆ ಅವರು ಒಂದು ಮಾತೂ ಆಡ್ಲಿಲ್ಲ. ಮೊಮ್ಮಗು ತೊಡೆ ಮೇಲೆ ಬಂದು ಕೂತ್ರೆ ಯಾರಾದ್ರೂ ಬಂದು ಎತ್ಕೊಂಡು ಹೋಗ್ತಾರಂತೆ, ಲೋಟ ಬೇರೆ ಇಟ್ಟಿದಾರಂತೆ, ನೆಂಟರಿಗೆ "ಗ್ಯಾಸ್ಟ್ರಿಕ್" ಅಂತ ಹೇಳಿದಾರಂತೆ. ಅದನ್ನ ಹೇಳುವಾಗ ಮಾತ್ರ ದನಿ ಒಡೀತು.

ಮನೆಯವರನ್ನೆಲ್ಲ ಕೂರಿಸಿ ಹೇಳ್ದೆ, ಕ್ಯಾನ್ಸರ್ ಮುಟ್ಟಿದ್ರೆ ಅಂಟಲ್ಲ, ಒಂದೇ ಲೋಟದಲ್ಲಿ ಕುಡಿದ್ರೂ ಅಂಟಲ್ಲ, ಮಗುನ ಅವರ ತೊಡೆ ಮೇಲೆ ಕೂರೋಕೆ ಬಿಡಿ. ಚಿಕಿತ್ಸೆ ವಿಷಯಕ್ಕೆ, ವಯಸ್ಸು ನೋಡಿ ಬೇಡ ಅನ್ನೋಕೆ ಮುಂಚೆ ಜೀರಿಯಾಟ್ರಿಕ್ ಅಸೆಸ್‌ಮೆಂಟ್ (ವಯಸ್ಸಾದವರ ಒಟ್ಟು ಆರೋಗ್ಯದ ಪರೀಕ್ಷೆ) ಮಾಡಿಸಿ ಅಂತ ಡಾಕ್ಟರ್‌ನ ಕೇಳಿ ಅಂದೆ. ನಡಿಗೆ, ತೂಕ, ನೆನಪಿನಶಕ್ತಿ, ಬೇರೆ ಕಾಯಿಲೆ, ತಗೊಳ್ಳೋ ಮಾತ್ರೆ ಎಲ್ಲ ನೋಡಿ ದೇಹ ಎಷ್ಟು ತಡ್ಕೊಳ್ಳುತ್ತೆ ಅಂತ ಅಂದಾಜು ಮಾಡ್ತಾರೆ. 65 ದಾಟಿದವರಿಗೆ ಕೀಮೋ ಕೊಡೋ ಮುಂಚೆ ಇದನ್ನ ಮಾಡಿ ಅಂತ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2018ರಲ್ಲೇ ಹೇಳಿದೆ. ಜಿ8 ಅಂತ ಚಿಕ್ಕ ಪ್ರಶ್ನಾವಳಿನೂ ಇದೆ, 17ಕ್ಕೆ 14 ಅಥವಾ ಕಮ್ಮಿ ಬಂದ್ರೆ ಪೂರ್ತಿ ಪರೀಕ್ಷೆ ಬೇಕು ಅಂತ ಲೆಕ್ಕ. ಒಬ್ಬರು 76ಕ್ಕೆ ಗಟ್ಟಿಯಾಗಿ ಓಡಾಡ್ಕೊಂಡಿರ್ತಾರೆ, ಇನ್ನೊಬ್ಬರು 60ಕ್ಕೇ ಸೋತಿರ್ತಾರೆ, ಬರೀ ಹುಟ್ಟಿದ ಇಸವಿ ಇಟ್ಕೊಂಡು ಏನ್ ತೀರ್ಮಾನ ಮಾಡ್ತೀರ?

ಮುದುಕರನ್ನ ಎತ್ತಿಕಟ್ತೀರ ಅಂತ ನನ್ನ ಮೇಲೆ ದೂರಿದೆ. ಇರ್ಲಿ. ಟ್ರೀಟ್‌ಮೆಂಟ್ ತಗೊಳ್ಳಿ ಅಂತ ನಾನು ಯಾರಿಗೂ ಹೇಳಲ್ಲ, ಅವರನ್ನೂ ಒಂದು ಮಾತು ಕೇಳಿ ಅಂತೀನಿ ಅಷ್ಟೆ.

ಅವರು ಆಪರೇಷನ್ ಮಾಡಿಸ್ಕೊಂಡ್ರು. ಆಮೇಲೆ ಕೀಮೋದಿಂದ ಎಷ್ಟು ಲಾಭ, ಎಷ್ಟು ತೊಂದರೆ ಅಂತ ಡಾಕ್ಟರ್ ಹತ್ರ ತಾವೇ ಕೂತು ಕೇಳಿ, ಬೇಡ ಅಂದ್ರು. ಈಗ ಮಗ ವಾರಕ್ಕೊಂದ್ಸಲ ಫೋನ್ ಮಾಡ್ತಾರೆ, "ಮೇಡಂ, ಕೀಮೋಗೆ ನೀವೇ ಒಪ್ಪಿಸ್ಬೇಕು" ಅಂತ! ಫೋನ್ ಅಪ್ಪಂಗೆ ಕೊಡಿ ಅಂತೀನಿ.