ತೊಟ್ಟಿಲಲ್ಲಿ ಮಾವನ ಹೆಸರು, ದಾಖಲೆಗೆ ಬೇರೆ ಹೆಸರು: ಹೀಗೆ ಮಾಡಬಹುದಾ?

ಮಗುವಿಗೆ ತೊಟ್ಟಿಲಲ್ಲಿ ಮಾವನ ಹೆಸರಿಟ್ಟು ದಾಖಲೆಗೆ ಬೇರೆ ಹೆಸರು ಬರೆಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ನೀವು ಕೇಳಿರುವುದನ್ನೇ ನಾವು ಮಾಡಿದ್ದೆವು. ತೀರಿಹೋದ ಮಾವನವರ ಹೆಸರು ತೊಟ್ಟಿಲ ಶಾಸ್ತ್ರಕ್ಕೆ, ನಮಗಿಷ್ಟವಾದ ಹೆಸರು ಬರ್ತ್ ಸರ್ಟಿಫಿಕೇಟಿಗೆ. ಅತ್ತೆಗೂ ಸಮಾಧಾನ, ನಮಗೂ ಸಮಾಧಾನ ಅಂದುಕೊಂಡಿದ್ದೆವು.

ನಮ್ಮ ಅತ್ತೆ ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. ಯಾರಾದರೂ ಕೇಳಿದರೆ ‘ನಂಜನಗೂಡಿನ ದೇವರ ಹೆಸರು’ ಅನ್ನುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೂ ಪಕ್ಕದಲ್ಲಿ ನಿಂತ ನಾನೇ ಹೇಳಬೇಕು. ಮೊಮ್ಮಗನಿಗೆ ಆ ಹೆಸರು ಬಂದರೆ ಬೇರೆಯವರ ಬಾಯಲ್ಲಾದರೂ ಅದು ಮನೆಯಲ್ಲಿ ಕೇಳಿಸುತ್ತಿರುತ್ತೆ ಅಂತ ಅವರಿಗೆ ಆಸೆ. ಇದು ನನಗೆ ಆಗ ಹೊಳೆಯಲೇ ಇಲ್ಲ. ಹಳೇ ಕಾಲದ ಹೆಸರು, ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಅನ್ನುವುದಷ್ಟೇ ತಲೆಯಲ್ಲಿತ್ತು.

ಎಡವಟ್ಟಾಗಿದ್ದು ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ದಿನ ಜನನ ನೋಂದಣಿಯ ಫಾರ್ಮ್ ತಂದುಕೊಟ್ಟರು. ಅದರಲ್ಲಿ ಮಗುವಿನ ಹೆಸರು ಅಂತ ಒಂದು ಕಾಲಂ. ಬಿಲ್ ಕಟ್ಟಬೇಕು, ಮಗು ಅಳುತ್ತಿದೆ, ಹೊರಗೆ ಕಾರು ಕಾಯುತ್ತಿದೆ. ಯಜಮಾನರು ‘ಏನು ಬರೆಯಲಿ?’ ಅಂದರು, ನಾನು ನಮ್ಮಿಬ್ಬರಿಗೂ ಇಷ್ಟವಾಗಿದ್ದ ಹೆಸರು ಹೇಳಿದೆ. ಕಾಲಂ ಇದೆ ಅಂದಮೇಲೆ ತುಂಬಲೇಬೇಕು ಅಂದುಕೊಂಡೆವು. ತುಂಬಬೇಕಾಗಿರಲಿಲ್ಲ! ಜನನವನ್ನು 21 ದಿನದೊಳಗೆ ತಿಳಿಸಬೇಕು, ನಿಜ. ಆದರೆ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಇರುವುದೇ ಇದಕ್ಕೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಯಾವ ಶುಲ್ಕವೂ ಇಲ್ಲದೆ ಹೆಸರು ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಅಂದರೆ ಮನೆಯವರೆಲ್ಲ ಕೂತು ಮಾತಾಡಲು ನಮಗೆ ಒಂದು ವರ್ಷ ಸಮಯವಿತ್ತು. ಅದನ್ನು ನಾವು ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಕಳೆದುಕೊಂಡೆವು.

ಹನ್ನೊಂದನೇ ದಿನ ನಾಮಕರಣ. ನಾದಿನಿ ಮಗುವಿನ ಕಿವಿಯಲ್ಲಿ ಮಾವನ ಹೆಸರು ಹೇಳಿದರು. ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಅದೇ ಹೆಸರು ಬರೆದೆವು. ಮಾರನೇ ದಿನದಿಂದ ಆ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅತ್ತೆ ಏನೂ ಅನ್ನಲಿಲ್ಲ. ಸರ್ಟಿಫಿಕೇಟ್ ಮನೆಗೆ ಬಂದ ದಿನ ಕನ್ನಡಕ ಹಾಕಿಕೊಂಡು ಕೂತರು. ಮಗುವಿನ ಹೆಸರು, ತಂದೆ ಹೆಸರು, ತಾಯಿ ಹೆಸರು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಓದಿದರು. ‘ಅವರದ್ದು ಎಲ್ಲೂ ಇಲ್ವಾ?’ ಅಂದರು.

ಬದಲಾಯಿಸೋಣ ಅಂತ ನೋಂದಣಿ ಕಚೇರಿಗೆ ಹೋದೆವು. ತಿದ್ದುಪಡಿಗೆ ಅಂತ ಇರುವ 15ನೇ ಸೆಕ್ಷನ್ ತಪ್ಪಾಗಿ ನಮೂದಾದದ್ದನ್ನು ಸರಿಮಾಡುವುದಕ್ಕೆ. ನಮ್ಮದು ಗೊತ್ತಿದ್ದೇ ಬರೆಸಿದ ಹೆಸರು, ಅಕ್ಷರ ತಪ್ಪಿಲ್ಲ ಏನಿಲ್ಲ. ಆಗಲ್ಲ ಅಂದರು. ಈಗಂತೂ ಇನ್ನೂ ಹುಷಾರಾಗಿರಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್, ಆಧಾರ್, ಎಲ್ಲಕ್ಕೂ ಹುಟ್ಟಿದ ದಿನ, ಊರಿನ ದಾಖಲೆ ಈ ಸರ್ಟಿಫಿಕೇಟೇ.

ಅತ್ತೆ ಕೇಳಿದ ಮಾತು ಎಷ್ಟು ಸರಿ ಅಂತ ನನಗೆ ಆಮೇಲೆ ಅರ್ಥವಾಯಿತು. ನಮ್ಮ ಹಳೇ ಮೈಸೂರು ಕಡೆ ಇನಿಷಿಯಲ್ ಅಂದರೆ ಊರು, ಅಪ್ಪ, ಆಮೇಲೆ ತನ್ನ ಹೆಸರು. ಎಚ್.ಡಿ. ದೇವೇಗೌಡರ ‘ಎಚ್’ ಹರದನಹಳ್ಳಿ, ‘ಡಿ’ ಅವರ ತಂದೆ ದೊಡ್ಡೇಗೌಡರು. ಎಚ್.ಡಿ. ಕುಮಾರಸ್ವಾಮಿಯವರ ‘ಎಚ್’ ಅದೇ ಹರದನಹಳ್ಳಿ, ‘ಡಿ’ ಮಾತ್ರ ದೇವೇಗೌಡರು. ನೋಡೋಕೆ ಒಂದೇ ಥರ, ಆದರೆ ತಾತ ಅಷ್ಟರಲ್ಲಿ ಜಾರಿಹೋಗಿದ್ದಾರೆ. ಪ್ರತಿ ತಲೆಮಾರಿಗೂ ಹೀಗೇ. ಹಿಂದೆ ಉಪರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿಯವರ ಹಾಗೆ ಕೊನೆಗೆ ಅಡ್ಡಹೆಸರು ಇರುವ ಉತ್ತರ ಕರ್ನಾಟಕದ ಮನೆಗಳಲ್ಲಿ ಮನೆತನದ ಗುರುತಾದರೂ ನಿಲ್ಲುತ್ತದೆ. ನಮ್ಮಲ್ಲಿ ತಾತ ಉಳಿಯುವ ಜಾಗ ಒಂದೇ, ಮೊಮ್ಮಗನ ಹೆಸರು. ಅದನ್ನು ಅಕ್ಕಿಯ ಮೇಲೆ ಬರೆದು ಬಿಟ್ಟರೆ ಏನು ಉಳಿಯಿತು ಹೇಳಿ?

ನಕ್ಷತ್ರದ ಅಕ್ಷರವೂ ಹೊಂದಬೇಕು ಅಂದಿದ್ದೀರಿ. ಅದನ್ನು ತೊಟ್ಟಿಲಿಗೆ ಬಿಡಿ. ಜನ್ಮನಾಮ, ಅಂದರೆ ಹುಟ್ಟಿದ ನಕ್ಷತ್ರದ ಅಕ್ಷರದಿಂದ ಇಡುವ ಹೆಸರು, ಬೇಕಾಗುವುದು ಪೂಜೆಗೆ, ಜಾತಕಕ್ಕೆ. ನಿಮ್ಮ ಮಗುವಿನದು ರೋಹಿಣಿಯಾದರೆ ಓ, ವಾ, ವೀ, ವೂ ಅಂತ ಸುಲಭದ ಅಕ್ಷರಗಳು ಬರುತ್ತವೆ. ಹಸ್ತದ ಮೂರನೇ ಪಾದವಾದರೆ ಬರುವುದು ‘ಣ’. ‘ಣ’ದಿಂದ ಒಂದು ಹೆಸರು ಹುಡುಕಿ ನೋಡಿ! ದಾಖಲೆಯ ಹೆಸರನ್ನು ಇದಕ್ಕೆ ಕಟ್ಟಿಹಾಕುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಹಿರಿಯರ ಹೆಸರು ಕಾಗದಕ್ಕೆ, ನಕ್ಷತ್ರದ ಹೆಸರು ಕಿವಿಗೆ. ನೀವು ಕೇಳಿರುವುದು ಇದರ ಉಲ್ಟಾ.

ಇನ್ನೊಂದು ಮಾತು. ‘ಹಿರಿಯರನ್ನು ಹೇಗೆ ಸಮಾಧಾನ ಮಾಡುವುದು’ ಅಂತ ಕೇಳಿದ್ದೀರಿ. ಸಮಾಧಾನ ಮಾಡೋಕೆ ಹೋಗಲೇಬೇಡಿ, ಕೂತು ಕೇಳಿ. ಎರಡನೆಯದು ನಮಗೆ ಹೆಣ್ಣುಮಗು. ಈ ಸಲ ಕಾಲಂ ಖಾಲಿ ಬಿಟ್ಟು ಬಂದೆವು. ಯಾರ ಹೆಸರಿಡೋಣ ಅಂತ ಅತ್ತೆಯನ್ನೇ ಕೇಳಿದೆವು. ಮನೆತನದ ಯಾರಾದರೂ ಅಜ್ಜಿಯ ಹೆಸರು ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಹೇಳಿದ್ದು ತಮ್ಮ ತಾಯಿಯ ಹೆಸರು. ‘ನಮ್ಮವ್ವನ ಹೆಸರು ಯಾರೂ ಇಟ್ಟೇ ಇಲ್ಲ’ ಅಂದರು. ಹೆಣ್ಣು ಕೊಟ್ಟ ಕಡೆಯ ಹೆಸರು ಈ ಮನೆಯಲ್ಲಿ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಅದನ್ನೇ ಇಟ್ಟೆವು, ಅದನ್ನೇ ಕರೆಯುತ್ತೇವೆ. ಮಗನ ವಿಷಯದಲ್ಲಿ ಆ ನೋವು ಹೋಗಿಲ್ಲ, ಹೋಗುವುದೂ ಇಲ್ಲ.

ನಿಮ್ಮ ಮಾವನ ಹೆಸರು ತೀರಾ ಉದ್ದವಾದರೆ ಕೊನೆಯ ‘ಅಪ್ಪ’ನನ್ನೋ ‘ಅಯ್ಯ’ನನ್ನೋ ತೆಗೆದುಬಿಡಿ, ಆದರೆ ಅದನ್ನೂ ಮನೆಯವರ ಮುಂದೆ ಹೇಳಿಯೇ ತೆಗೆಯಿರಿ. ಆ ಹೆಸರಿಡಲು ನಿಮಗೆ ಮನಸ್ಸೇ ಇಲ್ಲದಿದ್ದರೆ ಈಗಲೇ ನೇರವಾಗಿ ಹೇಳಿ. ಜಗಳವಾದರೂ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಹೆಸರಿನ ಕಾಲಂ ಖಾಲಿ ಬಿಡುತ್ತೇವೆ ಅಂತ ಗಟ್ಟಿಯಾಗಿ ಹೇಳಿ, ಫಾರ್ಮ್ ಕೊಡುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಹೆಸರು ಸೇರಿಸುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ನೀವೇ ಚೀಟಿಯಲ್ಲಿ ಬರೆದುಕೊಡಿ. ಅಲ್ಲಿರುವವರಿಗೆ ತೋಚಿದ ಹಾಗೆ ಟೈಪ್ ಆಗಲು ಬಿಡಬೇಡಿ.